ಎದೆ ಹಿಡಿದದ್ದು ಹೊಟ್ಟೆಕಿಚ್ಚಿಗಲ್ಲ

ಆ ಮನೆಯಲ್ಲಿ ಇಬ್ಬರು ಸೊಸೆಯರು. ದೊಡ್ಡ ಸೊಸೆ ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಚಿಕ್ಕ ಸೊಸೆ ಆರೋಗ್ಯ ಕೇಂದ್ರದಲ್ಲಿ ಇಸಿಜಿ ತೆಗೆಯುತ್ತಿದ್ದಳು. ಇಬ್ಬರೂ ದಿನವಿಡೀ ದುಡಿಯುವವರೇ. ಆದರೆ ಅತ್ತೆಯ ಕಣ್ಣಿಗೆ ಬೀಳುತ್ತಿದ್ದವಳು ಒಬ್ಬಳೇ.

"ನಮ್ಮ ಚಿಕ್ಕವಳು ಹೃದಯದ ಮೆಷಿನ್ ನಡೆಸ್ತಾಳೆ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಬಟ್ಟೆಗೆ ಅಳತೆ ಕೊಡಲು ಬಂದವರಿಗೂ, ದೊಡ್ಡ ಸೊಸೆ ಟೇಪು ಹಿಡಿದು ಎದುರಿಗೇ ನಿಂತಿರುವಾಗ, ಅದೇ ಮಾತು. "ಮತ್ತೆ ಇವಳು?" ಎಂದು ಯಾರಾದರೂ ಕೇಳಿದರೆ, "ಇವಳು ಹೊಲಿಗೆ ಮಾಡ್ಕೊಂಡಿದಾಳೆ, ಪಾಪ," ಎನ್ನುವರು. ಆ 'ಪಾಪ' ಕೇಳಿದರೆ ದೊಡ್ಡ ಸೊಸೆಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಬಿಟ್ಟುಹೋಗಬೇಕಲ್ಲ? ಚಿಕ್ಕವಳ ಬಿಳಿ ಕೋಟಿನ ಕಾಲರ್ ಹೊಲಿಗೆ ಬಿಟ್ಟಾಗ ಇವಳೇ ಹೊಲಿದುಕೊಟ್ಟಳು. ಮೊದಲು ಬೇಕೆಂದೇ ಸೊಟ್ಟಗೆ ಹೊಲಿದು, ಆಮೇಲೆ ಮನಸ್ಸು ತಡೆಯದೆ ಬಿಚ್ಚಿ ಸರಿಮಾಡಿದಳು.

ಇತ್ತೀಚೆಗೆ ಹೊಸದೊಂದು ಕಾಟ ಶುರುವಾಗಿತ್ತು. ಅತ್ತೆ ಹೊಗಳಲು ಬಾಯಿ ತೆರೆದರೆ ಸಾಕು, ಇವಳ ಎದೆ ಹಿಡಿದುಕೊಳ್ಳುತ್ತಿತ್ತು. ಎದೆಯ ಮೇಲೆ ಯಾರೋ ಕೂತ ಹಾಗೆ ಭಾರ, ದವಡೆಯಲ್ಲಿ ನೋವು, ಎಡಗೈ ಸೆಳೆತ. ಸುಮ್ಮನೆ ಕೂತರೆ ಕಡಿಮೆಯಾಗುತ್ತಿತ್ತು. ಇದು ನನ್ನ ಹೊಟ್ಟೆಕಿಚ್ಚಿಗೇ ಹೀಗಾಗುವುದು ಎಂದು ಅವಳು ತೀರ್ಮಾನ ಮಾಡಿಬಿಟ್ಟಳು. ಅಂಥದ್ದನ್ನು ಯಾರ ಮುಂದೆ ಹೇಳುವುದು? ಗಂಡನಿಗೂ ಹೇಳದೆ ನುಂಗಿಕೊಂಡಳು.

ಒಂದು ಮಧ್ಯಾಹ್ನ ಒದ್ದೆ ಬಟ್ಟೆಯ ಬುಟ್ಟಿ ಎತ್ತಿಕೊಂಡು ಮಹಡಿಗೆ ಹೊರಟವಳು ಅರ್ಧ ಮೆಟ್ಟಿಲಲ್ಲೇ ಕುಸಿದು ಕೂತಳು. ಮುಖವೆಲ್ಲ ತಣ್ಣನೆಯ ಬೆವರು. ಈ ಸಲ ಕೂತರೂ ಭಾರ ಇಳಿಯಲಿಲ್ಲ. ಕೆಲಸ ಮುಗಿಸಿ ಆಗತಾನೇ ಬಂದ ಚಿಕ್ಕ ಸೊಸೆ ಚೀಲ ಅಲ್ಲೇ ಬಿಟ್ಟು ಹತ್ತಿರ ಬಂದಳು.

"ಅಕ್ಕಾ, ಏನಾಗ್ತಿದೆ?"

"ಏನಿಲ್ಲ. ನೀನು ಹೋಗು."

"ಎದೆ ನೋವಾ? ನಡೀರಿ, ಒಂದು ಇಸಿಜಿ ತೆಗೆದುಬಿಡೋಣ."

ಅವಳೆದುರು ಎದೆ ಬಿಚ್ಚಿ ಮಲಗುವುದೇ? ಅದಕ್ಕಿಂತ ಈ ಮೆಟ್ಟಿಲ ಮೇಲೇ ಪ್ರಾಣ ಹೋಗಲಿ ಅನ್ನಿಸಿತು ದೊಡ್ಡ ಸೊಸೆಗೆ. "ನಿನ್ನ ಮೆಷಿನ್ನು ಕರೆಂಟ್ ಹೊಡೆಯುತ್ತೆ. ನನಗೆ ಬೇಡ," ಎಂದಳು.

"ಅದು ಮೈಗೆ ಕರೆಂಟ್ ಹೊಡೆಯಲ್ಲ ಅಕ್ಕಾ. ಹೃದಯದಲ್ಲೇ ಹುಟ್ಟೋ ಕರೆಂಟನ್ನ ಹಿಡಿಯುತ್ತೆ, ಅಷ್ಟೇ."

"ಇದು ಕಾಯಿಲೆ ಅಲ್ಲ ಕಣೇ," ದೊಡ್ಡ ಸೊಸೆಗೆ ತಡೆಯಲಾಗಲಿಲ್ಲ. "ಅತ್ತೆ ನಿನ್ನ ಹೊಗಳಿದಾಗೆಲ್ಲ ಹೀಗಾಗುತ್ತೆ. ನನಗೆ ನಿನ್ನ ಕಂಡರೆ ಹೊಟ್ಟೆಕಿಚ್ಚು. ಸಾಕಾ?"

ಚಿಕ್ಕ ಸೊಸೆ ಪಕ್ಕದಲ್ಲೇ ಕೂತು ಅವಳ ನಾಡಿ ಹಿಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಈಗ ಇಲ್ಲಿ ಯಾರು ಹೊಗಳಿದ್ರು ಅಕ್ಕಾ? ಮೆಟ್ಟಿಲ ಮೇಲೆ ನೀವೊಬ್ಬರೇ ಇದ್ದಿರಲ್ಲ."

ದೊಡ್ಡ ಸೊಸೆ ಖಾಲಿ ಮೆಟ್ಟಿಲುಗಳ ಕಡೆ ತಿರುಗಿ ನೋಡಿದಳು. ಅವಳಿಗೆ ಮೊದಲ ಸಲ ಹೆದರಿಕೆಯಾಯಿತು.

ಚಿಕ್ಕವಳು ಅವಳನ್ನು ಒಂದು ಹೆಜ್ಜೆಯೂ ನಡೆಯಲು ಬಿಡಲಿಲ್ಲ. ಪಕ್ಕದ ಮನೆಯವರನ್ನು ಕೂಗಿ, ಕುರ್ಚಿಯಲ್ಲಿ ಕೂರಿಸಿ ಇಳಿಸಿ, ಗಾಡಿ ಹತ್ತಿಸಿದಳು. ಆರೋಗ್ಯ ಕೇಂದ್ರ ಎರಡು ಬೀದಿ ಆಚೆಗಿತ್ತು.

ಅಲ್ಲಿ ಮಲಗಿಸಿ, ಬೆವರು ಒರೆಸಿ, ಎದೆಗೆ ಪಟ್ಟಿಗಳನ್ನು ಅಂಟಿಸಿ, ಕೈಕಾಲಿಗೆ ಕ್ಲಿಪ್ಪು ಹಾಕಿದಳು. ಮೆಷಿನ್ ಚಾಲು ಮಾಡಿದರೆ ಪರದೆಯ ಮೇಲಿನ ಗೆರೆ ಗಡಗಡ ನಡುಗುತ್ತಿತ್ತು. ದೊಡ್ಡ ಸೊಸೆಯ ಎರಡೂ ಮುಷ್ಟಿ ಬಿಗಿಯಾಗಿದ್ದವು.

"ಅಕ್ಕಾ, ಕೈ ಸಡಿಲ ಬಿಡಿ. ಹೃದಯದಲ್ಲಿ ಹುಟ್ಟೋ ಕರೆಂಟು ಮೈ ಮೇಲೆ ಬರೋ ಹೊತ್ತಿಗೆ ತುಂಬಾ ಸಣ್ಣದು. ಟಾರ್ಚ್ ಸೆಲ್ಲಿನ ಸಾವಿರದಲ್ಲೊಂದು ಪಾಲು ಇರಬಹುದು. ಸೂಜಿಗೆ ದಾರ ಪೋಣಿಸೋಕೆ ನೀವು ಭೂತಗನ್ನಡಿ ಹಿಡೀತೀರಲ್ಲ, ಹಾಗೆ ಈ ಪೆಟ್ಟಿಗೆಯೊಳಗೆ ಅದನ್ನ ದೊಡ್ಡದು ಮಾಡೋ ಆಂಪ್ಲಿಫೈಯರ್ ಇದೆ. ಮುಷ್ಟಿ ಬಿಗಿ ಹಿಡಿದರೆ ಕೈಯ ಸ್ನಾಯುವಿನ ಕರೆಂಟನ್ನೂ ದೊಡ್ಡದು ಮಾಡಿಬಿಡುತ್ತೆ. ನನ್ನ ಮೇಲಿನ ಸಿಟ್ಟು ಅದಕ್ಕೂ ಗೊತ್ತಾಗ್ತಿದೆ ನೋಡಿ."

"ಇಲ್ಲಿ ಸುತ್ತ ಇಷ್ಟೊಂದು ವೈರು, ಲೈಟು, ಫ್ಯಾನು. ಅದೆಲ್ಲ ಸೇರಿಕೊಳ್ಳಲ್ವಾ?" ಸಂಶಯ ಮಾತ್ರ ದೊಡ್ಡ ಸೊಸೆಯನ್ನು ಬಿಟ್ಟಿರಲಿಲ್ಲ.

"ಸೇರುತ್ತೆ. ಆದರೆ ಅದು ಎರಡೂ ಕೈಯಲ್ಲಿ ಹೆಚ್ಚುಕಡಿಮೆ ಒಂದೇ ಸಮ ಬರುತ್ತೆ. ಎರಡೂ ಕಡೆ ಒಂದೇ ಥರ ಇರೋದನ್ನ ಪೆಟ್ಟಿಗೆ ಬಿಟ್ಟುಬಿಡುತ್ತೆ. ವ್ಯತ್ಯಾಸ ಎಷ್ಟಿದೆಯೋ ಅಷ್ಟನ್ನೇ ಹಿಡಿದು ಸಾವಿರ ಪಟ್ಟು ಮಾಡುತ್ತೆ."

ದೊಡ್ಡ ಸೊಸೆ ಸೂರು ನೋಡುತ್ತಾ ಹೇಳಿದಳು: "ನಮ್ಮ ಅತ್ತೆ ಮಾಡೋದೂ ಅದನ್ನೇ."

ಚಿಕ್ಕ ಸೊಸೆಗೆ ನಗು ಬಂತು. ಇವಳಿಗೂ ಆ ನೋವಿನಲ್ಲೇ ತುಟಿಯಂಚು ಸಡಿಲವಾಯಿತು, ಮುಷ್ಟಿಯೂ ಬಿಚ್ಚಿತು. "ನಗಬೇಡಿ, ಗೆರೆ ಕುಣಿಯುತ್ತೆ. ಮಾತು ಬೇಡ, ಅಲ್ಲಾಡಬೇಡಿ," ಎಂದಳು ಚಿಕ್ಕವಳು.

ಈಗ ಗೆರೆ ಸ್ಪಷ್ಟವಾಗಿ ಬಂತು. ಅದನ್ನು ನೋಡಿದ ಚಿಕ್ಕ ಸೊಸೆಯ ನಗು ಅಲ್ಲೇ ನಿಂತಿತು. ಕಾಗದ ಹಿಡಿದು ಡಾಕ್ಟರ ಬಳಿಗೆ ಓಡಿ, ಸಿಟ್ಟು ಬಂದಾಗೆಲ್ಲ ಈ ನೋವು ಹಿಂದೆಯೂ ಬರುತ್ತಿತ್ತು ಎಂದು ಹೇಳಿ ಕರೆತಂದಳು.

"ಹೃದಯಕ್ಕೆ ರಕ್ತ ಸರಿಯಾಗಿ ಹೋಗ್ತಿಲ್ಲ ಅಮ್ಮಾ," ಎಂದರು ಡಾಕ್ಟರು, ಮಾತ್ರೆ ಕೊಡುತ್ತಾ. "ಆಂಬುಲೆನ್ಸ್ ಕರೆಸಿದ್ದೀನಿ, ಈಗಲೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಸಿಟ್ಟು, ಸಂಕಟ ಬಂದಾಗ ಹೃದಯಕ್ಕೆ ಕೆಲಸ ಜಾಸ್ತಿ. ಮೆಟ್ಟಿಲು ಹತ್ತಿದಾಗಲೂ ಅಷ್ಟೇ. ನಿಮ್ಮ ಎದೆ ಹಿಡಿದದ್ದು ಅದಕ್ಕೆ. ಇಷ್ಟು ದಿನ ಯಾಕೆ ಹೇಳಲಿಲ್ಲ?"

ದೊಡ್ಡ ಸೊಸೆ ಚಿಕ್ಕವಳ ಮುಖ ನೋಡಿದಳು. "ನಾಚಿಕೆಯಾಗಿತ್ತು," ಎಂದಳು.

ದೊಡ್ಡಾಸ್ಪತ್ರೆಯಲ್ಲಿ ಕಟ್ಟಿಕೊಂಡಿದ್ದ ರಕ್ತನಾಳ ತೆರೆದರು. ಅವಳು ಮನೆಗೆ ಬಂದಳು, ಗುಳಿಗೆ ತಪ್ಪಿಸದೆ ನುಂಗಿದಳು, ನಿಧಾನವಾಗಿ ಮತ್ತೆ ಮೆಷಿನ್ ತುಳಿಯತೊಡಗಿದಳು. ಅತ್ತೆ ಸುಧಾರಿಸಿದರೇ? ಎಲ್ಲಿಯ ಮಾತು. "ನಮ್ಮ ಚಿಕ್ಕವಳೇ ಇವಳ ಜೀವ ಉಳಿಸಿದ್ದು," ಎಂದು ಬಂದವರಿಗೆಲ್ಲ ಇನ್ನೂ ದೊಡ್ಡ ದನಿಯಲ್ಲಿ ಹೇಳಿದರು. ಮಾತು ನಿಜವಾದ್ದರಿಂದ ದೊಡ್ಡ ಸೊಸೆಗೆ ಇನ್ನಷ್ಟು ಹೊಟ್ಟೆಕಿಚ್ಚಾಯಿತು. ಆದರೆ ಎದೆ ಹಿಡಿಯಲಿಲ್ಲ. ಎರಡೂ ಬೇರೆ ಬೇರೆ ಎಂದು ಅವಳಿಗೆ ಖಾತ್ರಿಯಾದದ್ದು ಆಗಲೇ. ಒಂದು ದಿನ ಅಳತೆ ಕೊಡಲು ಬಂದವಳೊಬ್ಬಳು ದವಡೆ ಒತ್ತಿಕೊಂಡು, "ನಡೆದರೆ ಎದೆ ಭಾರ, ಗ್ಯಾಸ್ ಇರಬೇಕು," ಎಂದಾಗ ಟೇಪು ಕೆಳಗಿಟ್ಟು ಅವಳನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೊರಟವಳೂ ದೊಡ್ಡ ಸೊಸೆಯೇ.

ನೀವೂ ಅಷ್ಟೇ ಮಾಡಿ. ಎದೆ ಭಾರ, ದವಡೆ ಅಥವಾ ಕೈಗೆ ಹರಡುವ ನೋವು, ತಣ್ಣನೆಯ ಬೆವರು, ಕಾರಣವಿಲ್ಲದ ಏದುಸಿರು ಕಂಡರೆ ಗ್ಯಾಸು, ಆಯಾಸ, ಸಿಟ್ಟು ಎಂದು ಹೆಸರಿಟ್ಟು ಕೂರಬೇಡಿ. ತಕ್ಷಣ ಆಂಬುಲೆನ್ಸ್ ಕರೆಸಿ, ಇಸಿಜಿ ಮಾಡಿಸಿ. ಅದು ನೋಯಿಸುವುದಿಲ್ಲ, ಶಾಕ್ ಹೊಡೆಯುವುದಿಲ್ಲ. ಕೈಕಾಲು ಸಡಿಲ ಬಿಟ್ಟು ಅಲುಗದೆ ಮಲಗಿದರೆ ಸಾಕು. ಒಂದು ಸಲ ಗೆರೆ ಸರಿಯಿದೆ ಎಂದರೂ ನೋವು ಉಳಿದಿದ್ದರೆ ಅಲ್ಲೇ ಇದ್ದು ಡಾಕ್ಟರಿಗೆ ಮತ್ತೆ ಹೇಳಿ. ಹೊಟ್ಟೆಕಿಚ್ಚು ಪಡಲಿಕ್ಕಾದರೂ ಮನುಷ್ಯ ಬದುಕಿರಬೇಕಲ್ಲವೇ?