ಡ್ರೈವರಮ್ಮನ ಹೊಸ ಹೊಟ್ಟೆ

ಕೆಳಗಿನ ಸಲೂನಿನಲ್ಲಿ ನಗು ನಿಂತು ಮೂರು ವಾರ ದಾಟಿತ್ತು. ಮೇಲಿನ ಮನೆಯಲ್ಲಿ, ಮಂಡಿಯ ಕೆಳಗೆ ದಿಂಬು ಒಟ್ಟಿಕೊಂಡು ಅರ್ಧ ಕೂತು ಅರ್ಧ ಮಲಗಿದ್ದ ಡ್ರೈವರಮ್ಮ ಕಿವಿ ನಿಮಿರಿಸಿ ಆ ಮೌನವನ್ನೇ ಕೇಳುತ್ತಿದ್ದಳು. ಕತ್ತರಿಯ ಕಚಕಚ ಕೇಳುತ್ತಿತ್ತು. ತಲೆಗೆ ನೀರು ಸಿಂಪಡಿಸುವ ಬಾಟಲಿಯ ಚುಸ್ ಚುಸ್ ಕೇಳುತ್ತಿತ್ತು. ಮನುಷ್ಯರ ಸದ್ದು ಮಾತ್ರ ಇಲ್ಲ. ಸಾವಿನ ಮನೆಯಲ್ಲಾದರೂ ಯಾರಾದರೂ ಕೆಮ್ಮುತ್ತಾರೆ.

ಅವಳ ಮನೆ ಇದ್ದದ್ದೇ ಗಂಡನ ಸಲೂನಿನ ನೆತ್ತಿಯ ಮೇಲೆ. ನಡುವೆ ಹಲಗೆಯ ನೆಲ, ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು. ಮದುವೆಯಾದಾಗಿನಿಂದ ಆ ಸಂದುಗಳಿಂದ ಗಂಡನ ಜೋಕು ಮೇಲೆ ಬರುತ್ತಿತ್ತು, ಅದರ ಹಿಂದೆಯೇ ಗಿರಾಕಿಗಳ ನಗು ಬರುತ್ತಿತ್ತು. ಜನ ಅವನನ್ನು ಬಾಯಾಳಿ ಎಂದು ಕರೆಯುತ್ತಿದ್ದರು. ಕೂದಲು ಕತ್ತರಿಸುವುದರಲ್ಲಿ ಅವನಿಗಿಂತ ಕೈ ಪಳಗಿದವರು ಬೇಕಾದಷ್ಟಿದ್ದರು. ಆದರೂ ಪಕ್ಕದ ಬೀದಿಯ ಗಾಜಿನ ಬಾಗಿಲಿನ ಅಂಗಡಿ ಬಿಟ್ಟು ಜನ ಇವನಲ್ಲಿಗೇ ಬಂದು ಸಾಲಾಗಿ ಕೂರುತ್ತಿದ್ದರು. ತಲೆ ಬೋಳಿಸಿಕೊಂಡರೂ ಚಿಂತೆಯಿಲ್ಲ, ನಕ್ಕು ಹೋಗೋಣ ಎನ್ನುವ ಜನ.

ಡ್ರೈವರಮ್ಮ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮೊದಲ ಭೇಟಿಯೇ ಜಗಳ. ಸಲೂನಿನ ಮುಂದೆ ಅವನ ಸೈಕಲ್ಲು ರಸ್ತೆಗೆ ಅಡ್ಡ ನಿಂತಿತ್ತು ಅಂತ ಬಸ್ಸಿನಿಂದ ಇಳಿದು ಅವನ ಏಳು ತಲೆಮಾರನ್ನು ಜಾಲಾಡಿದ್ದಳು. ಅವನು ಕೈಯಲ್ಲಿ ಸೋಪಿನ ಬಟ್ಟಲು ಹಿಡಿದು ನಿಂತು ಎಲ್ಲ ಕೇಳಿಸಿಕೊಂಡು, "ನಿಲ್ಲಿಸಬೇಡಿ ಅಮ್ಮ, ಇನ್ನೊಂದು ಸ್ವಲ್ಪ ಬೈರಿ. ಶೇವಿಂಗ್ ನೀರು ಕಾಯ್ತಾ ಬಂತು" ಅಂದಿದ್ದ. ಅವಳು ಬಸ್ಸು ಹತ್ತಿ, ಎರಡು ಬೀದಿ ದಾಟಿದ ಮೇಲೆ ನಗು ತಡೆಯಲಾರದೆ ಪಕ್ಕಕ್ಕೆ ನಿಲ್ಲಿಸಿದ್ದಳು. ಆಮೇಲೆ ಅವನನ್ನೇ ಮದುವೆಯಾದಳು.

ಅವಳಿ ಮಕ್ಕಳನ್ನು ಹೆತ್ತ ಮೇಲೆ ಅವಳ ಹೊಟ್ಟೆ ಒಳಗೆ ಹೋಗಲೇ ಇಲ್ಲ. ಮಕ್ಕಳು ಬೆಳೆದು ಬೇರೆ ಊರಿನ ಹಾಸ್ಟೆಲ್ ಸೇರಿದರು, ಹೊಟ್ಟೆ ಮಾತ್ರ ಮನೆಯಲ್ಲೇ ಉಳಿಯಿತು. ಅವಳು ವ್ಯಾಯಾಮ ಮಾಡಿದಳು, ಊಟ ಬಿಟ್ಟಳು, ಮೈ ತೆಳುವಾಯಿತು. ಚರ್ಮ ಮಾತ್ರ ಖಾಲಿ ಚೀಲದ ಹಾಗೆ ಜೋತುಬಿತ್ತು. ಮಡಿಕೆಯ ಕೆಳಗೆ ಬೆವರಿಗೆ ಕೆಂಪು ಗುಳ್ಳೆ, ಸ್ಟೇರಿಂಗಿಗೆ ಉಜ್ಜಿ ಉರಿ, ಸಂಜೆಯಾದರೆ ಸೊಂಟ ನೋವು. ನಡುಹೊಟ್ಟೆಯ ಸ್ನಾಯುಗಳೇ ಬೇರೆ ಬೇರೆಯಾಗಿವೆ, ವ್ಯಾಯಾಮದಿಂದ ಕೂಡುವುದಿಲ್ಲ ಅಂದರು ಸರ್ಜರಿ ಮಾಡುವ ಡಾಕ್ಟರಮ್ಮ. ಟಮ್ಮಿ ಟಕ್ ಮಾಡಿ ಸ್ನಾಯು ಸೇರಿಸಿ ಹೊಲಿದು, ಹೆಚ್ಚಿನ ಚರ್ಮ ಕತ್ತರಿಸಿ ತೆಗೆಯಬೇಕು ಅಂದರು.

"ಮಿಕ್ಕ ಬಟ್ಟೆ ವಾಪಸ್ ಕೊಡ್ತೀರಾ ಡಾಕ್ಟ್ರೇ? ನಮ್ಮ ಟೈಲರಂತೂ ಯಾವತ್ತೂ ಕೊಟ್ಟವನಲ್ಲ" ಅಂದಿದ್ದ ಬಾಯಾಳಿ.

ಡಾಕ್ಟರಮ್ಮ ನಗು ನುಂಗಿಕೊಂಡು ಡ್ರೈವರಮ್ಮನ ಕಡೆ ತಿರುಗಿದರು. "ಒಂದು ವಿಷಯ ಸರಿಯಾಗಿ ಕೇಳಿಸಿಕೊಳ್ಳಿ. ಬ್ಯಾಂಡೇಜ್ ಬಿಚ್ಚಿದ ದಿನ ಹೊಟ್ಟೆ ಹಲಗೆ ಥರ ಇರಲ್ಲ. ಮೊದಮೊದಲು ಬಗ್ಗಿಕೊಂಡೇ ನಡೀತೀರಿ. ಊತ ಇರುತ್ತೆ, ಬೆಳಗ್ಗೆ ಕಮ್ಮಿ, ಸಂಜೆ ಜಾಸ್ತಿ. ಗಾಯದ ಗೆರೆ ಮೊದಲು ಕೆಂಪಾಗಿ ಆಮೇಲೆ ಮಾಸುತ್ತೆ, ಆದರೆ ಪೂರ್ತಿ ಅಳಿಸಿ ಹೋಗಲ್ಲ. ಆಕಾರ ಗೊತ್ತಾಗೋಕೆ ತಿಂಗಳುಗಳು ಬೇಕು. ಊತ ಪೂರ್ತಿ ಇಳಿಯೋಕೆ ವರ್ಷವೂ ಹಿಡೀಬಹುದು."

ಡ್ರೈವರಮ್ಮ ತಲೆಯಾಡಿಸಿದ್ದಳು. ಕಿವಿ ಕೇಳಿತ್ತು, ಮನಸ್ಸು ಕೇಳಿರಲಿಲ್ಲ. ಮನಸ್ಸು ಆಗಲೇ ಹಲಗೆಯಂಥ ಹೊಟ್ಟೆ ಹೊತ್ತು ಬಸ್ಸು ಹತ್ತಿ ಕೂತಾಗಿತ್ತು.

ಸರ್ಜರಿ ಸುಸೂತ್ರವಾಗಿ ಮುಗಿಯಿತು. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಬಾಯಾಳಿಯನ್ನು ಬಾಗಿಲ ಹೊರಗೆ ಕರೆದು ಏನೋ ಹೇಳಿದರು. ಒಳಗೆ ಬಂದವನ ಮುಖ ಹರಳೆಣ್ಣೆ ಕುಡಿದವನ ಹಾಗಿತ್ತು. ಅವತ್ತಿನಿಂದ ಅವನ ಬಾಯಿಗೆ ಬೀಗ ಬಿತ್ತು.

ಆರೈಕೆಗೆ ಅಂತ ಡ್ರೈವರಮ್ಮನ ಅಕ್ಕ ಬಂದು ಇಳಿದುಕೊಂಡಳು. ನೀರು ಇಳಿಯುವ ಟ್ಯೂಬು ತೆಗೆದ ಮೇಲೆ ಒಂದು ಬೆಳಗ್ಗೆ, ಅಕ್ಕ ಬಿಗಿ ಬೆಲ್ಟು ಬಿಚ್ಚಿ ಸ್ನಾನಕ್ಕೆ ಕರೆದುಕೊಂಡು ಹೋದಾಗ ಡ್ರೈವರಮ್ಮ ಕನ್ನಡಿಯಲ್ಲಿ ನೋಡಿಕೊಂಡಳು. ಜೋತುಬಿದ್ದ ಚೀಲ ಇರಲಿಲ್ಲ, ನಿಜ. ಆದರೆ ಹೊಟ್ಟೆ ಹಿಟ್ಟು ಉಬ್ಬಿದ ಹಾಗೆ ಉಬ್ಬಿತ್ತು. ಅಲ್ಲಲ್ಲಿ ಹಳದಿ, ಅಲ್ಲಲ್ಲಿ ಹಸಿರು. ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಕೆಂಪು ಗೆರೆ. ಚರ್ಮ ಕೆಳಗೆಳೆದು ಹೊಲಿದ ಮೇಲೆ ಹೊಸ ಜಾಗದಲ್ಲಿ ಕೂರಿಸಿದ ಹೊಕ್ಕುಳು ಬೇರೆ ಯಾರದೋ ಅನ್ನಿಸಿತು. ಅದರ ಕೆಳಗೆ ಮುಟ್ಟಿದರೆ ಸ್ಪರ್ಶವೇ ಗೊತ್ತಾಗಲಿಲ್ಲ.

ಹೊಸ ಬೆಲ್ಟು ಹಿಡಿದುಕೊಂಡು ಬಂದ ಗಂಡನನ್ನು ಕೇಳಿದಳು. "ರೀ, ನೋಡಿ ಹೇಳಿ. ಹೇಗಿದೆ?"

ಅವನು ನೋಡಿದ. ತುಟಿ ಒಮ್ಮೆ ನಡುಗಿತು. ಸಟ್ಟನೆ ಗೋಡೆಗೆ ಮುಖ ತಿರುಗಿಸಿ, "ಚೆನ್ನಾಗಿದೆ" ಅಂದು ಮೆಟ್ಟಿಲಿಳಿದು ಹೋದ.

ಕೊಂಡ ಟೊಮೆಟೊ ಕೊಳೆತಿದ್ದರೂ ನಾಲ್ಕು ಜೋಕು ಹೇಳುವ ಮನುಷ್ಯ. ಹೆಂಡತಿಯ ಹೊಟ್ಟೆಗೆ ಒಂದೇ ಮಾತು, ಅದೂ ಗೋಡೆಗೆ ಹೇಳಿದ್ದು.

"ಗಂಡಸರು ಹಾಗೇ ಕಣೇ" ಅಂದಳು ಅಕ್ಕ, ಬೆಲ್ಟಿನ ಕೊಕ್ಕೆ ಹಾಕುತ್ತಾ. "ಹಳೇ ಹೊಟ್ಟೆಗೆ ಹೊಂದ್ಕೊಂಡಿದ್ದ. ಹೋಗಿ ಹೋಗಿ ಯಾಕೆ ಕುಯ್ಯಿಸ್ಕೊಂಡೆ?"

"ಅಕ್ಕ, ನೀನು ಆರೈಕೆಗೆ ಬಂದಿದೀಯೋ, ಉರಿಯೋ ಬೆಂಕಿಗೆ ತುಪ್ಪ ಸುರಿಯೋಕೆ ಬಂದಿದೀಯೋ?"

"ಇದ್ದದ್ದು ಹೇಳಿದೆ. ನೀನು ಕೂಗಾಡಬೇಡ, ಹೊಲಿಗೆ ಎಳೆಯುತ್ತೆ."

ಅವಳು ಪರೀಕ್ಷೆ ಮಾಡಿ ನೋಡಿದಳು. ಗಂಡ ತಂದ ಗಂಜಿ ಗೋಡೆಗೆ ಪೋಸ್ಟರ್ ಅಂಟಿಸೋ ಅಂಟಿನ ಥರ ಇದೆ ಅಂದಳು. ಬೇರೆ ದಿನವಾಗಿದ್ದರೆ ಅವನು ಪೋಸ್ಟರ್ ಯಾವುದು ಅಂತ ಕೇಳಿರುತ್ತಿದ್ದ. ಈಗ "ತಪ್ಪಾಯ್ತು, ಬೇರೆ ಮಾಡಿ ತರ್ತೀನಿ" ಅಂದ. ಇಪ್ಪತ್ತು ವರ್ಷದಲ್ಲಿ ಅವನು ತಪ್ಪಾಯ್ತು ಅಂದವನೇ ಅಲ್ಲ. ಬೈದರೆ ನಗಿಸುತ್ತಿದ್ದ, ಅದೇ ಅವರ ಸಂಸಾರ. ಇನ್ನು ಅವಳಿಗೆ ಅನುಮಾನ ಉಳಿಯಲಿಲ್ಲ. ಈ ಉಬ್ಬಿದ, ಬಣ್ಣಗೆಟ್ಟ, ಅಡ್ಡಗೆರೆ ಎಳೆದ ಹೊಟ್ಟೆ ಅವನಿಗೆ ಬೇಡವಾಗಿದೆ. ಹೊಟ್ಟೆಯ ಜೊತೆಗೆ ಅವಳೂ.

ಹೀಗೆ ಮೂರು ವಾರ. ಕೊನೆಗೆ ಅವಳ ಕೋಪ ಸೋಲನ್ನು ಒಪ್ಪಲಿಲ್ಲ.

"ಅಕ್ಕ, ಕೈ ಕೊಡು. ಕೆಳಗೆ ಹೋಗ್ತೀನಿ. ಬೇಡವಾದ್ರೆ ಬೇಡ ಅಂತ ಬಾಯಿಬಿಟ್ಟು ಹೇಳ್ಲಿ, ಎಲ್ಲರ ಮುಂದೆ."

"ಮಟಮಟ ಮಧ್ಯಾಹ್ನ, ಅಂಗಡಿ ತುಂಬ ಜನ ಇರ್ತಾರೆ ಕಣೇ."

"ಇರ್ಲಿ. ಅರ್ಧ ತಲೆ ಕತ್ತರಿಸ್ಕೊಂಡು ಎಲ್ಲಿಗೆ ಓಡ್ತಾರೆ ನೋಡ್ತೀನಿ."

ಅಡ್ಡಡ್ಡವಾಗಿ ಒಂದೊಂದೇ ಮೆಟ್ಟಿಲು ಇಳಿದಳು. ಬೆನ್ನು ಇನ್ನೂ ನೆಟ್ಟಗಾಗಿರಲಿಲ್ಲ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಬೆಲ್ಟಿನ ಮೇಲೆ. ಬೈಗುಳಗಳನ್ನೆಲ್ಲ ನಾಲಿಗೆಯ ತುದಿಗೆ ತಂದಿಟ್ಟುಕೊಂಡು ಸಲೂನಿನ ಹಿಂಬಾಗಿಲು ತಳ್ಳಿದಳು.

ಒಳಗೆ ಜಾಗವೇ ಇರಲಿಲ್ಲ. ಬೆಂಚು ಭರ್ತಿ, ಕಿಟಕಿಯ ಕಟ್ಟೆ ಭರ್ತಿ. ಎಲ್ಲರ ಬಾಯಲ್ಲೂ ಟವೆಲ್ಲು. ಒಬ್ಬ ತನ್ನದೇ ಟೋಪಿಯನ್ನು ಕಚ್ಚಿಕೊಂಡಿದ್ದ. ಭುಜ ಕುಲುಕುತ್ತಿದ್ದವು, ಕಣ್ಣಲ್ಲಿ ನೀರು ಧಾರಾಕಾರ, ಉಸಿರಿನಷ್ಟೂ ಸದ್ದಿಲ್ಲ. ಕುರ್ಚಿಯಲ್ಲಿ, ನಿವೃತ್ತ ಅಂಚೆಯವನಾದ ಟಪಾಲಣ್ಣ ಒಂದು ಕೆನ್ನೆ ನುಣುಪು, ಒಂದು ಕೆನ್ನೆ ನೊರೆ ಮಾಡಿಕೊಂಡು, ನಗು ತಡೆಯಲು ತನ್ನ ತೊಡೆಯನ್ನೇ ಚಿವುಟಿಕೊಳ್ಳುತ್ತಿದ್ದ.

ನಡುವೆ ಅವಳ ಗಂಡ. ಸೊಂಟ ಬಗ್ಗಿಸಿ, ಒಂದು ಕೈ ಸೊಂಟದ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ ಇಟ್ಟು, ಹುಬ್ಬು ಗಂಟು ಹಾಕಿ, ತುಟಿ ಚೂಪು ಮಾಡಿ ಸದ್ದಿಲ್ಲದೆ ಬೈಯುತ್ತಾ ಹೆಜ್ಜೆ ಹಾಕುತ್ತಿದ್ದ. ಇಲ್ಲದ ಗಂಜಿಯ ಬಟ್ಟಲನ್ನು ಮೂಸಿ ಮುಖ ಸಿಂಡರಿಸಿದ. ಕಾಣದ ಕುಂಚ ತೆಗೆದುಕೊಂಡು ಗೋಡೆಗೆ ಗಂಜಿ ಬಳಿದು ಪೋಸ್ಟರ್ ಅಂಟಿಸಿದ. ಅಂಟಿಸಿ ತಿರುಗಿದರೆ ಎದುರಿಗೇ ಹೆಂಡತಿ.

ಇಬ್ಬರೂ ಹಾಗೇ ನಿಂತರು. ಅದೇ ಬಾಗು, ಅದೇ ಕೈ, ಅದೇ ಹುಬ್ಬು. ನಡುವೆ ಒಂದು ಚೌಕಟ್ಟು ಇಟ್ಟಿದ್ದರೆ ಕನ್ನಡಿ ಅನ್ನಬೇಕಿತ್ತು.

ಡ್ರೈವರಮ್ಮನ ನಾಲಿಗೆಯ ತುದಿಯಲ್ಲಿದ್ದ ಬೈಗುಳವೆಲ್ಲ ಒಮ್ಮೆಗೇ ನಗುವಾಗಿ ಹೊರಗೆ ಬಿತ್ತು.

"ನಗಬೇಡ ಕಣೇ" ಅಂತ ಚೀರಿದ ಬಾಯಾಳಿ. "ಬಿಚ್ಚಿಹೋಗುತ್ತೆ. ಯಾರಾದ್ರೂ ಹಿಡ್ಕೊಳ್ರಯ್ಯಾ."

ಅವಳಿಗೆ ಇನ್ನಷ್ಟು ನಗು ಬಂತು. ಹೊಟ್ಟೆ ಸುರ್ರೆಂದು ಎಳೆಯಿತು. "ಅಯ್ಯಯ್ಯೋ" ಅಂದಳು, ನಕ್ಕಳು, ಮತ್ತೆ "ಅಯ್ಯೋ" ಅಂದಳು. ಗಂಡ ಮೂಲೆಯಲ್ಲಿದ್ದ ಟವೆಲ್ ಗಂಟನ್ನೇ ತಂದು ಅವಳ ಹೊಟ್ಟೆಗೆ ಒತ್ತಿ ಹಿಡಿದ. "ಎಲ್ಲರೂ ಬೇಜಾರಾಗೋದು ಏನಾದ್ರೂ ಮಾತಾಡ್ರಯ್ಯಾ" ಅಂದ. ಟಪಾಲಣ್ಣ ಗಂಭೀರವಾಗಿ, "ನನ್ನ ಪಿಂಚಣಿ" ಅಂತ ಶುರು ಮಾಡಿದ. ನೊರೆಯ ಗುಳ್ಳೆಯೊಂದು ಮೂಗಿನ ಮೇಲೆ ಉಬ್ಬಿ ಒಡೆಯಿತು. ಡ್ರೈವರಮ್ಮ ಗೋಡೆಗೆ ಒರಗಿಬಿಟ್ಟಳು.

ಅಕ್ಕ ಆಸ್ಪತ್ರೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

"ಡಾಕ್ಟ್ರೇ, ಇವಳು ನಕ್ಕುಬಿಟ್ಟಳು" ಅಂದ ಬಾಯಾಳಿ.

"ಸರಿ. ಏನಾಯ್ತೀಗ?"

"ಅದೇ, ನಕ್ಕಳು. ಜೋರಾಗಿ."

"ಗಾಯದಿಂದ ರಕ್ತ, ನೀರು ಏನಾದ್ರೂ ಬರ್ತಿದೆಯಾ? ಹೊಟ್ಟೆ ಇದ್ದಕ್ಕಿದ್ದ ಹಾಗೆ ಉಬ್ಬಿದೆಯಾ?"

ಅಕ್ಕ ಅವಳನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ ನೋಡಿ ಬಂದಳು. "ಏನೂ ಇಲ್ಲ ಡಾಕ್ಟ್ರೇ. ಒಣಗಿಕೊಂಡೇ ಇದೆ."

"ಹಾಗಾದ್ರೆ ನಗಲಿ ಬಿಡಿ. ಸ್ವಲ್ಪ ಎಳೆದ ಹಾಗಾಗುತ್ತೆ, ದಿಂಬು ಒತ್ತಿ ಹಿಡ್ಕೊಂಡು ನಗಲಿ. ಭಾರ ಎತ್ತೋದು, ಬಸ್ಸು ಓಡಿಸೋದು ಮಾತ್ರ ನಾನು ಹೇಳೋವರೆಗೂ ಬೇಡ."

"ಊತ ಇಳಿಯೋವರೆಗೂ ನಗಿಸಬೇಡಿ ಅಂತ ನೀವೇ ಹೇಳಿದ್ರಲ್ಲ?"

"ಮೊದಲ ಕೆಲವು ದಿನದ ಮಾತು ಕಣ್ರೀ ಅದು. ನೀವು ಎಷ್ಟು ದಿನ ಅಂದ್ಕೊಂಡ್ರಿ?"

"ಊತ ಪೂರ್ತಿ ಇಳಿಯೋಕೆ ವರ್ಷ ಅಂದಿದ್ರಿ. ನಾನೂ ವರ್ಷ ಅಂತಲೇ ಬಾಯಿ ಕಟ್ಟಿದ್ದೆ. ಸದ್ದು ಮೇಲೆ ಹೋಗುತ್ತಲ್ಲ ಅಂತ ಗಿರಾಕಿಗಳ ಬಾಯಿಗೂ ಟವೆಲ್ ಕೊಟ್ಟಿದ್ದೆ."

ಆ ಕಡೆಯಿಂದ ಡಾಕ್ಟರಮ್ಮ ಫೋನನ್ನು ಕೈಯಿಂದ ಮುಚ್ಚಿಕೊಂಡು ನಗುವ ಸದ್ದು ಬಂತು.

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಗಂಡಸು ನೀವು" ಅಂದಳು ಡ್ರೈವರಮ್ಮ ಕಣ್ಣೊರೆಸಿಕೊಳ್ಳುತ್ತಾ. ಬೆಂಚಿನವರು ಎದ್ದು ಜಾಗ ಕೊಟ್ಟರು, ಅವಳು ಟವೆಲ್ ಗಂಟನ್ನು ಅಪ್ಪಿಕೊಂಡು ಕೂತಳು. "ನಾನು ಸತ್ತುಹೋಗಿದ್ದೆ ರೀ ಮೇಲೆ. ನೋಡಿ ಹೇಳಿ ಅಂದ್ರೆ ಗೋಡೆಗೆ ಮುಖ ಮಾಡಿದ್ರಿ. ಹೊಟ್ಟೆ ನೋಡಿ ಹೇಸಿಗೆ ಬಂತು ಅಂದ್ಕೊಂಡೆ."

ಬಾಯಾಳಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಗಿರಾಕಿಗಳು ಟವೆಲ್ ತೆಗೆದು ಕಿವಿ ಕೊಟ್ಟರು.

"ಹೇಸಿಗೆನಾ? ಲೇ, ಆ ಹೊಕ್ಕುಳು ನೋಡಿದ ಕೂಡ್ಲೆ ಬಾಯಿ ತುಂಬ ಜೋಕು ಬಂತು. ನುಂಗಿ ನುಂಗಿ ಅಜೀರ್ಣ ಆಗಿದೆ ನನಗೆ."

"ಏನಂಥ ಜೋಕು? ಹೇಳಿ ಈಗ."

"ಅದನ್ನ ಒಂದು ಮಾತೂ ಕೇಳದೆ ಮನೆ ಬದಲಾಯಿಸಿದಾರೆ. ಹೊಸ ಮನೆ, ಅಕ್ಕಪಕ್ಕ ಗುರುತಿಲ್ಲ, ಸಾಮಾನು ಇನ್ನೂ ಬಂದಿಲ್ಲ. ಮುಖ ಊದಿಸ್ಕೊಂಡು ಹೊಸ್ತಿಲ ಮೇಲೆ ಕೂತಿದೆ ಪಾಪ."

ಅವಳು ಗಂಟನ್ನು ಒತ್ತಿಕೊಂಡು ಮುಂದಕ್ಕೆ ಬಾಗಿದಳು. ಬೆಂಚಿನ ನಗುವಿಗೆ ಕನ್ನಡಿಯ ಮುಂದಿನ ಬಾಟಲಿಗಳು ಗಲಗಲ ಅಂದವು. ಅಕ್ಕನೂ ಸೆರಗು ಬಾಯಿಗೆ ಒತ್ತಿಕೊಂಡಳು.

"ಊತ ಹೋಗದೇ ಇದ್ರೆ?" ಅಂದಳು ಡ್ರೈವರಮ್ಮ. ನಗುವಿನ ನಡುವೆಯೇ ಕೇಳಿದಳು, ಆದರೆ ಕೇಳಿದ್ದು ನಿಜವಾಗಿ.

"ಹೋಗುತ್ತೆ ಅಂದಿದಾರೆ. ಹೋಗೋವರೆಗೂ ಇದಕ್ಕೆ ಜೋಕು, ಹೋದ ಮೇಲೆ ಅದಕ್ಕೆ ಬೇರೆ ಜೋಕು. ಹೊಟ್ಟೆ ಯಾವುದಾದ್ರೂ ಆಗ್ಲಿ, ನಗೋಳು ನೀನಾಗಿದ್ರೆ ಸಾಕು."

ಅವಳು ಅವನ ತಲೆಗೆ ಒಂದು ಮೊಟಕಿದಳು.

"ಕತ್ತಿ ಹಿಡೀರಿ ಮೊದಲು. ಟಪಾಲಣ್ಣನ ನೊರೆ ಒಣಗಿ ಸುಣ್ಣ ಆಯ್ತು. ಮೂರು ವಾರದ ಬಾಕಿ ಎಲ್ಲ ಇವತ್ತೇ ಬರ್ಲಿ, ನಾನು ಇಲ್ಲಿಂದ ಏಳಲ್ಲ."

"ನೋವಾದ್ರೆ ಹೇಳ್ತೀಯಾ?"

"ನೋವಾಗ್ತಾನೇ ಇದೆ. ನೀವು ಶುರು ಮಾಡಿ."