ವಾರದ ದಿನದ ಒಗ್ಗರಣೆ

ಶಾಲೆಯ ಅಡುಗೆಯ ಫಕೀರಮ್ಮ ರವೆಯ ಡಬ್ಬಿಯನ್ನು ಮುಟ್ಟಲೇ ಇಲ್ಲ.

"ನನ್ನ ಕೈಲೆ ಆಗೂದಿಲ್ರಿ ಮಾಸ್ತರ. ಇವತ್ತು ವಾರ ಐತಿ. ಒಗ್ಗರಣಿ ಹಾಕಿದ್ರ ನಾಳೆ ಊರ ಮಂದಿ ನಮ್ಮ ಮನಿ ಮುಂದ ಬಂದು ನಿಂದರ್ತಾರ."

ಆಷಾಢದ ಮಂಗಳವಾರಗಳಲ್ಲಿ ಆ ಊರು ದುರ್ಗವ್ವನ ವಾರ ಹಿಡಿಯುತ್ತಿತ್ತು. ಆ ದಿನ ಊರ ಗಡಿಯೊಳಗೆ ಕಾದ ಎಣ್ಣೆಗೆ ಸಾಸಿವೆ ಬೀಳುವಂತಿಲ್ಲ. ಹೋದ ಮಂಗಳವಾರ ಅದಕ್ಕಾಗಿಯೇ ಶಾಲೆಯ ಒಲೆ ಹೊತ್ತಲಿಲ್ಲ. ಹತ್ತನೆಯ ತರಗತಿಯ ಸಂಜೆ ಪಾಠಕ್ಕೆ ಕೂತ ಮಕ್ಕಳು ಹಸಿದುಕೊಂಡೇ ಮನೆಗೆ ಹೋದರು. ಉಪಾಹಾರಕ್ಕೆ ಸರಕಾರ ಕೊಡುವ ದುಡ್ಡನ್ನು ಶಾಲೆಯವರು ನುಂಗಿದ್ದಾರೆಂದು ಯಾರೋ ದೂರು ಕೊಟ್ಟರು. ಈಗ ಅಧಿಕಾರಿ ಪಂಪಾಪತಿಯವರು ನವಲಿ ದಾಟಿದ್ದಾರೆಂದು ಫೋನು ಬಂದಿತ್ತು.

"ಇವತ್ತೂ ಪ್ಲೇಟು ಖಾಲಿ ಇದ್ರ ನಮ್ಮ ಸಾಲಿ ಉಪಾಹಾರ ಬಂದ್ ಅಂತ," ಎಂದರು ವಿರುಪಾಕ್ಷಿ ಮಾಸ್ತರರು.

ಅಡುಗೆಗೆ ಕೈಜೋಡಿಸುತ್ತಿದ್ದ ದ್ರಾಕ್ಷಾಯಿಣಿ ಬಾಗಿಲ ಸಂದಿಯಿಂದ ನೋಡಿದಳು. ಒಳಗೆ ತಂಗಿ ಹೇಮಾವತಿ ಲೆಕ್ಕ ಬಿಡಿಸುತ್ತಿದ್ದಳು. ಅವ್ವ ಮೊದಲೇ ಹೇಳಿಬಿಟ್ಟಿದ್ದಳು: "ಸಂಜಿಗೆ ತಿನ್ನಾಕ ಕೊಡ್ತಾರಂತ ಬಿಟ್ಟೀನಿ. ಹಸಗೊಂಡು ಕುಂದ್ರೂದಾದ್ರ ಬ್ಯಾಡ, ನನ್ನ ಕೂಡ ನಾಟಿ ಹಚ್ಚಾಕ ಬರಲಿ." ದ್ರಾಕ್ಷಾಯಿಣಿಯೂ ಏಳನೆಯ ತರಗತಿ ಮುಗಿಸಿ ಹಾಗೆಯೇ ಗದ್ದೆಗೆ ಇಳಿದವಳು. ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು ಪಾತೇಲಿ ತೊಳೆಯಲಿಕ್ಕೆ.

"ಕಾಲುವಿ ಆಚಿಗೆ ನಮ್ಮೂರ ಗಡಿ ಮುಗೀತೈತಲ್ಲ?" ಎಂದಳು ಮೆಲ್ಲಗೆ.

ಫಕೀರಮ್ಮ ಅವಳ ಮುಖ ನೋಡಿದಳು. "ಏ ಮೂಗಿ, ಬಾಯಿ ಬಿಟ್ಟ್ಯಲ್ಲವ್ವ ಕಡೀಕೂ! ಹಿಡಿ ಪಾತೇಲಿ."

ಕಾಲುವೆಯ ಆಚೆ ಮೂರು ಕಲ್ಲು ಹೂಡಿದರು. ಹಸಿ ಕಟ್ಟಿಗೆ ಹೊಗೆಯಾಡಿತು. ಊದಿ ಊದಿ ದ್ರಾಕ್ಷಾಯಿಣಿಯ ಕಣ್ಣಲ್ಲಿ ನೀರು ಬಂತು. ಕೊನೆಗೂ ಸಾಸಿವೆ ಸಿಡಿಯಿತು, ರವೆ ಅರಳಿತು. ಅಷ್ಟರಲ್ಲಿ ಮಾಸ್ತರರ ಫೋನು.

"ಸಾಹೇಬ್ರು ಬಂದಾರ. ಹುಡುಗ್ರನ್ನ ಅಲ್ಲಿಗೆ ಕಳಿಸಿದ್ರ ನಡಿಯಂಗಿಲ್ಲಂತ. ಫೋಟೋದಾಗ ಜಾಗಾ ಬೇರೆ ಬರ್ತೈತಂತ. ಇಲ್ಲಿಗೇ ತರ್ರಿ, ಲಗೂನ!"

ಇಬ್ಬರೂ ಪಾತೇಲಿಯ ಕಿವಿಗಳಿಗೆ ಅರಿವೆ ಸುತ್ತಿ ಎತ್ತಿಕೊಂಡರು. ಊರ ಅಗಸಿ ಬಾಗಿಲಲ್ಲಿ ಹುಚ್ಚೀರಪ್ಪ ಕೋಲು ಅಡ್ಡ ಹಿಡಿದು ನಿಂತಿದ್ದ. ಊರಲ್ಲಿ ವಾರ ಸಾರುವವನು ಅವನೇ.

"ಏನದು?"

"ಉಪ್ಪಿಟ್ಟು ಮಾವಾ," ಎಂದಳು ಫಕೀರಮ್ಮ.

"ಒಗ್ಗರಣಿ ಹಾಕೀರಿ."

"ಗಡಿ ಆಚಿಗೆ ಹಾಕೀವಿ. ಊರಾಗ ಒಲಿ ಹಚ್ಚಿಲ್ಲ."

"ವಾಸನಿಗೆ ಗಡಿ ಐತೇನು?"

ಫಕೀರಮ್ಮ ದ್ರಾಕ್ಷಾಯಿಣಿಯ ಕಡೆ ನೋಡಿದಳು. ಅರಿವೆಯೊಳಗಿಂದ ಬಿಸಿ ದ್ರಾಕ್ಷಾಯಿಣಿಯ ಅಂಗೈಗೆ ಇಳಿಯುತ್ತಿತ್ತು. ದೂರದಲ್ಲಿ ಶಾಲೆಯ ಮುಂದೆ ಜೀಪು ಶುರುವಾದ ಸದ್ದು ಕೇಳಿತು. ಈ ಅಜ್ಜನ ಮುಂದೆ ಅವಳು ಎಂದೂ ತಲೆ ಎತ್ತಿದವಳಲ್ಲ.

"ಹಂಗಾದ್ರ ನೀವೂ ಬರ್ರಿ ಅಜ್ಜಾ," ಎಂದಳು. "ಸಾಹೇಬ್ರು ಹೊಂಟಾರ. ದೇವಿ ವಾರ ಐತಿ, ಹುಡುಗ್ರಿಗೆ ಕೊಡೂದು ಬಂದ್ ಮಾಡ್ರಿ ಅಂತ ನಿಮ್ಮ ಬಾಯಿಲೆ ಹೇಳ್ರಿ. ಯಾರು ಹೇಳಿದ್ರು ಅಂತ ಊರ ತಾಯಂದ್ರು ಕೇಳಿದ್ರ ನಾವೂ ನಿಮ್ಮ ಹೆಸರು ಹೇಳ್ತೀವಿ."

"ನನ್ನ ಹೆಸರು ಯಾಕ?"

"ಮತ್ಯಾರದು ಹೇಳೂಣು ಮಾವಾ?" ಫಕೀರಮ್ಮನಿಗೆ ಬಾಯಿ ಮರಳಿ ಬಂದಿತ್ತು. "ನಡೀರಿ, ಮುಂದ ನಡೀರಿ!"

ಹುಚ್ಚೀರಪ್ಪ ಅವರನ್ನೂ ನೋಡಿದ, ಜೀಪಿನ ಕಡೆಗೂ ನೋಡಿದ. ಆಮೇಲೆ ಹೆಗಲ ಟವೆಲ್ ತೆಗೆದು ಮೂಗಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತ. "ಮುಚ್ಚಿಗೊಂಡು ಹೋಗ್ರಿ. ನಾ ಏನೂ ನೋಡಿಲ್ಲ."

ಅವರು ಶಾಲೆ ಮುಟ್ಟಿದಾಗ ಜೀಪು ಗೇಟಿನ ಹೊರಗೆ ಅರ್ಧ ಬಂದಿತ್ತು. ಫಕೀರಮ್ಮ ಅದರ ಮುಂದೆಯೇ ಪಾತೇಲಿ ಇಳಿಸಿಬಿಟ್ಟಳು. ಪಂಪಾಪತಿಯವರು ಇಳಿದು ಮುಚ್ಚಳ ತೆಗೆದು ನೋಡಿದರು.

"ಹೋದ ಮಂಗಳವಾರ ಯಾಕ ಮಾಡಿಲ್ಲ?"

"ವಾರ ಇತ್ರಿ. ಅಂಜಿ ಒಲಿ ಹಚ್ಚಲಿಲ್ಲ," ಎಂದಳು ದ್ರಾಕ್ಷಾಯಿಣಿ. "ತಪ್ಪು ನಮ್ದ ಐತ್ರಿ. ಯಾರೂ ದುಡ್ಡು ತಿಂದಿಲ್ಲ."

"ಬರೂ ಮಂಗಳವಾರ?"

"ಹಿಂಗ ಹೊತ್ತು ತರ್ತೀವ್ರಿ."

ಪಂಪಾಪತಿಯವರು ನಗಲಿಲ್ಲ. ಪ್ಲೇಟು ಹಿಡಿದು ಕೂತ ಮಕ್ಕಳ ಫೋಟೋ ತೆಗೆದರು. "ಸದ್ಯಕ್ಕ ನಡೀಲಿ. ನಾ ಮತ್ತ ಬರ್ತೀನಿ, ಹೇಳಿ ಬರಂಗಿಲ್ಲ," ಎಂದು ಜೀಪು ಹತ್ತಿದರು.

ದ್ರಾಕ್ಷಾಯಿಣಿ ಕೆಂಪಾದ ಅಂಗೈಗಳನ್ನು ಬಕೆಟ್ಟಿನ ನೀರಲ್ಲಿ ಅದ್ದಿ ಕೂತಳು. ಹೇಮಾವತಿ ಪ್ಲೇಟು ಹಿಡಿದುಕೊಂಡು ಹತ್ತಿರ ಬಂದಳು.

"ಅಕ್ಕಾ, ಉಪ್ಪು ಹಾಕೂದು ಮರ್ತೀ ಏನು?"

"ತಿಂದು ಲೆಕ್ಕ ಮಾಡ ಹೋಗು," ಎಂದಳು ದ್ರಾಕ್ಷಾಯಿಣಿ.