ಇಲಿ ಮುಟ್ಟಿದ ಕೈ

ಮುಷ್ಟಿಯಲ್ಲಿ ಅಕ್ಕಿ ಹಿಡಿದು ತಾತನ ಹೆಣದ ಕಡೆಗೆ ಬಗ್ಗಿದ್ದ ಗಗನಳ ರಟ್ಟೆಯನ್ನು ಸೌಮ್ಯ ಹಿಂದಿನಿಂದ ಹಿಡಿದು ಎಳೆದಳು. ಅಕ್ಕಿ ಚೆಲ್ಲಾಪಿಲ್ಲಿಯಾಯಿತು.

“ಅಲ್ಲಿಂದ್ಲೇ ಕೈ ಮುಗಿ, ಸಾಕು.”

“ಎಲ್ರೂ ಬಾಯಿಗೆ ಅಕ್ಕಿ ಹಾಕ್ತಿದಾರಲ್ಲಮ್ಮ...”

“ಎಲ್ರ ವಿಷ್ಯ ಬೇಡ. ನೀನು ಮುಟ್ಕೂಡ್ದು.”

ರಾಮಕೃಷ್ಣನಗರದ ಆ ಹಿಂದಿನ ಬೀದಿಯಲ್ಲಿ ಶಾಮಿಯಾನದ ಕೆಳಗೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಸತ್ತವನ ತಮ್ಮ ಸಣ್ಣಮಾದಯ್ಯನಿಗೆ ತಡೆಯಲಾಗಲಿಲ್ಲ. “ಇದೇನವ್ವ ಸೌಮ್ಯ, ಹೆಣದ ಮುಂದೂ ನಿಂದು ಇದೇ ರಗಳೆಯಾ? ಇರೋಳು ಒಬ್ಬಳೇ ಮೊಮ್ಮಗಳು. ಅವಳು ಅಕ್ಕಿ ಹಾಕ್ದಿದ್ರೆ ನಮ್ಮಣ್ಣನ ಜೀವಕ್ಕೆ ಎಂಗವ್ವ ಸಮಾಧಾನ?”

“ನಾಲ್ಕು ವರ್ಷದಿಂದ ದಿನಾ ನಾಲ್ಕು ಸಲ ಸೂಜಿ ಚುಚ್ಚೋಳು ನಾನು ಚಿಕ್ಕಮಾವ, ನೀವಲ್ಲ,” ಅಂದಳು ಸೌಮ್ಯ.

ಗಗನಳ ತಾತ ಬೀರಯ್ಯ ಮೂವತ್ತು ವರ್ಷ ಊರಿನ ಸಂಶೋಧನಾಲಯವೊಂದರ ಇಲಿಮನೆಯಲ್ಲಿ ಕೆಲಸ ಮಾಡಿದವನು. ಸಕ್ಕರೆ ಕಾಯಿಲೆಯನ್ನು ಅಭ್ಯಾಸ ಮಾಡುವುದಕ್ಕೆಂದೇ ಬೇರೆ ಜೀನು ಸೇರಿಸಿ ಬೆಳೆಸಿದ ಇಲಿಗಳು ಅಲ್ಲಿದ್ದವು. ಅವುಗಳ ಪಂಜರ ತೊಳೆಯುವುದು, ಮರದ ಹೊಟ್ಟು ಹಾಸುವುದು, ಯಾವುದು ಸೊರಗಿತು ಎಂದು ಬರೆದಿಡುವುದು ಅವನ ಕೆಲಸ. ಇನ್ನೊಂದು ವರ್ಷಕ್ಕೆ ನಿವೃತ್ತಿ. ನಿನ್ನೆ ಸಂಜೆ ಕೆಲಸದಿಂದ ಬಂದು ತನ್ನ ಕೋಣೆಯ ಹೊಸಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ. ಕೋಣೆ ಅಂದರೆ ಮಹಡಿ ಮೆಟ್ಟಿಲ ಕೆಳಗಿನ ಗೂಡು. ಹಿಂದೆ ಸೈಕಲ್ಲು, ಸೌದೆ ಇಡುತ್ತಿದ್ದ ಜಾಗ. ಸಾಲಸೋಲ ಮಾಡಿ ಮನೆ ಕಟ್ಟಿಸಿದವನಿಗೆ ಆ ಮನೆಯೊಳಗೆ ನಾಲ್ಕು ವರ್ಷದಿಂದ ಜಾಗವಿರಲಿಲ್ಲ. ಅಯ್ಯೋ ಪಾಪ ಅನ್ನುವವರು ಇವತ್ತು ಬೇಕಾದಷ್ಟು ಜನ ಬಂದಿದ್ದರು. ಆವತ್ತು ಒಬ್ಬರಾದರೂ ಕೇಳಿದ್ದರೆ!

* * *

ಆಗ ಗಗನಳಿಗೆ ಏಳು ವರ್ಷ. ವಾರವಿಡೀ ಚೊಂಬುಗಟ್ಟಲೆ ನೀರು ಕುಡಿದಳು. ಎಂದೋ ಬಿಟ್ಟುಹೋಗಿದ್ದ ಅಭ್ಯಾಸ ಮರಳಿ, ಹಾಸಿಗೆ ಒದ್ದೆ ಮಾಡತೊಡಗಿದಳು. ಬಿಸಿಲಿನ ಝಳ ಅಂದಳು ಸೌಮ್ಯ, ಹೊಟ್ಟೆಯಲ್ಲಿ ಹುಳ ಅಂದಳು ಅಜ್ಜಿ ಚೆಲುವಮ್ಮ. ಬೀರಯ್ಯ ಮಾತ್ರ ಒಂದು ಬೆಳಗ್ಗೆ ಆ ಒದ್ದೆ ಹಾಸಿಗೆ ನೋಡಿದ್ದೇ ತಡ, ಮಗುವನ್ನು ಹೆಗಲಿಗೆ ಹಾಕಿಕೊಂಡು ಆಟೋ ಹತ್ತಿದ. ಇನ್ನೊಂದು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಅಂದರು ಡಾಕ್ಟರು. ಜೀವ ಇರುವ ತನಕ ಇನ್ಸುಲಿನ್ ಬೇಕು ಅಂದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಚೆಲುವಮ್ಮ ಎದೆ ಬಡಿದುಕೊಂಡಳು. “ನಮ್ಮ ವಂಶದಲ್ಲಿ ಯಾರ್ಗಿತ್ತು ಈ ಕಾಯ್ಲೆ? ಈ ಸೌಮ್ಯನ ಸೋದರತ್ತೆ ಸಕ್ಕರೆ ಕಾಯ್ಲೇಲೇ ಸತ್ತಿದ್ದು. ಇವಳ ತವರೋರ ರಕ್ತ ಕಣೋ ಸಿದ್ದೇಶ! ಇವಳ್ನ ತವರಿಗೆ ಕಳಿಸ್ಬುಡು. ಇನ್ನೊಂದು ಕೂಸು ಇಂಗೇ ಉಟ್ಟೋದು ಬ್ಯಾಡ.”

ಸಿದ್ದೇಶ ಹೆಂಡತಿಯ ಮುಖ ನೋಡಲಿಲ್ಲ. ಆಗಲ್ಲ ಅಂತಲೂ ಅನ್ನಲಿಲ್ಲ. ಸೌಮ್ಯ ಸಿಕ್ಕಿದ ನೆಪ ಹಿಡಿದು ಮಾವನ ಕಡೆ ತಿರುಗಿದಳು.

“ಮಾವ, ಡಾಕ್ಟ್ರಿಗಿಂತ ಮುಂಚೆ ನಿಮಗೆಂಗೆ ಗೊತ್ತಾಯ್ತು?”

“ನಮ್ಮ ಇಲಿಗಳೂ ಇಂಗೇ ಕಣವ್ವ. ಕಾಯ್ಲೆ ಶುರುವಾದ್ರೆ ನೀರು ಜಾಸ್ತಿ ಕುಡಿತವೆ, ಹಾಸಿರೋದನ್ನೆಲ್ಲ ಒದ್ದೆ ಮಾಡ್ಬುಡ್ತವೆ.”

“ಅಂದ್ರೆ ನೀವೇ ತಂದ್ರಾ? ಆ ಇಲಿ ಮುಟ್ಟಿದ ಕೈಯಲ್ಲೇ ನನ್ನ ಮಗೀಗೆ ತುತ್ತು ಕೊಟ್ರಾ?”

ಬೀರಯ್ಯ ಹೆಂಡತಿ ಮಗನ ಕಡೆ ತಿರುಗಿದ. ಗೋಡೆಗೆ ಒರಗಿ ನಿಂತಿದ್ದ ಸೊಸೆಯನ್ನು ಒಂದು ಗಳಿಗೆ ನೋಡಿದ.

“ಹೂಂ ಕಣವ್ವ. ನನ್ನ ಕೈಯಿಂದ್ಲೇ ಬಂದಿರ್ಬೇಕು.”

ಇದು ಅಂಟುವ ಕಾಯಿಲೆಯಲ್ಲ ಅಂತ ಡಾಕ್ಟರು ಹೇಳಿದರು. ಮನುಷ್ಯರದು ಅಂಟದಿರಬಹುದು, ಇಲಿಯದು ಅಂಟುತ್ತದೆ ಅಂದಳು ಸೌಮ್ಯ. ಇಲಿಮನೆಯವನೇ ಒಪ್ಪಿಕೊಂಡ ಮೇಲೆ ಡಾಕ್ಟರ ಮಾತು ಯಾರಿಗೆ ಬೇಕು? ತವರಿನ ಸುದ್ದಿಯನ್ನು ಮತ್ತೆ ಯಾರೂ ಎತ್ತಲಿಲ್ಲ. ಆ ವಾರವೇ ಬೀರಯ್ಯನ ಚಾಪೆ ಮೆಟ್ಟಿಲ ಕೆಳಗೆ ಬಂತು. ತಾತ ಮೊಮ್ಮಗಳು ಅಂಗಳದ ಆ ತುದಿ ಈ ತುದಿ ಕೂತು ಮಗ್ಗಿ ಹೇಳಿಕೊಳ್ಳುತ್ತಿದ್ದರು. ಒಂದು ಸಲ ರಕ್ತದಲ್ಲಿ ಸಕ್ಕರೆ ಇಳಿದು ಗಗನ ಅಂಗಳದಲ್ಲೇ ಬಿದ್ದಳು. ಬೀರಯ್ಯ ಓಡಿ ಬಂದು ಎರಡಡಿ ದೂರದಲ್ಲಿ ನಿಂತು, “ಸೌಮ್ಯಾ, ಬಾಯಿಗೆ ಸಕ್ಕರೆ ಹಾಕವ್ವ, ಬೇಗ ಬಾರವ್ವ” ಎಂದು ಬಾಯಿ ಬಾಯಿ ಬಡಿದುಕೊಂಡ. ಆಗಲೂ ಮುಟ್ಟಲಿಲ್ಲ.

* * *

ಹನ್ನೊಂದರ ಹೊತ್ತಿಗೆ ಸ್ಮಶಾನದ ವ್ಯಾನು ಬಂದು ನಿಂತಿತು. ಅದರ ಹಿಂದೆಯೇ ಸ್ಕೂಟರಿನಲ್ಲಿ ಹಾರ ಹಿಡಿದು ಬಂದವಳು ಬಿಂದುಶ್ರೀ, ಬೀರಯ್ಯನ ಆ ಇಲಿಗಳ ಮೇಲೆ ಸಂಶೋಧನೆ ಮಾಡುವ ವಿಜ್ಞಾನಿ. ಹಾರ ಹಾಕಿ ಕಣ್ಣೊರೆಸಿಕೊಂಡಳು. “ಗಗನ ಅಂದ್ರೆ ನೀನೇನಾ? ದಿನಾ ಬೆಳಗ್ಗೆ ನಿನ್ನ ಶುಗರ್ ಎಷ್ಟಿತ್ತು ಅಂತ ನಮಗೆಲ್ಲ ಹೇಳೋರು ನಿಮ್ಮ ತಾತ,” ಎಂದು ಹುಡುಗಿಯ ಕೆನ್ನೆ ಸವರಲು ಹೋದಳು. ಸೌಮ್ಯ ಅಡ್ಡ ಬಂದಳು.

“ಬೇಡ ಮೇಡಂ. ನೀವೂ ಆ ಇಲಿ ಮುಟ್ಟೋರು ತಾನೆ?”

“ಮುಟ್ಟಿದ್ರೆ ಏನ್ರೀ?”

“ಕಾಯ್ಲೆ ಅಂಟಲ್ವಾ?”

ಬಿಂದುಶ್ರೀ ಪೆಚ್ಚಾದಳು. “ಅಯ್ಯೋ, ಇಲ್ಲ ಕಣ್ರೀ! ಮೈ ಕಾಯ್ಬೇಕಾದ ಕಣಗಳೇ ಇನ್ಸುಲಿನ್ ಮಾಡೋ ಜೀವಕೋಶಗಳ್ನ ಕೊಲ್ಲೋದು ಇದು. ಆ ಇಲಿಗಳು ಹುಟ್ಟೋದೇ ಆ ಗುಣ ಹೊತ್ಕೊಂಡು. ನಾವೇ ಹಂಗೆ ಮಾಡಿರೋ ತಳಿ. ಅದೇ ಪಂಜರಕ್ಕೆ ಬೇರೆ ಇಲಿ ಬಿಟ್ರೆ ಅದಕ್ಕೇ ಬರಲ್ಲ, ಇನ್ನು ಮನುಷ್ಯರಿಗೆ ಎಲ್ಲಿ ಬಂತು? ನಾನು ಕೆಲಸಕ್ಕೆ ಸೇರಿದ ದಿನ ಇಲಿ ಹಿಡಿಯೋಕೆ ಹೆದರಿದ್ದೆ. ‘ಹಿಡ್ಕೊಳಮ್ಮ, ಮುಟ್ಟಿದ್ರೆ ಬರೋ ಅಂಥದ್ದಲ್ಲ ಇದು’ ಅಂದ್ರು ಬೀರಯ್ಯನೋರು.”

“ಯಾವಾಗ?”

“ಎಂಟು ವರ್ಷ ಆಯ್ತಲ್ಲ.”

ಎಂಟು ವರ್ಷ. ಗಗನಳಿಗೆ ಕಾಯಿಲೆ ಬಂದು ನಾಲ್ಕು. ಹಾಗಾದರೆ ಗೊತ್ತಿತ್ತು ಆ ಮನುಷ್ಯನಿಗೆ. ಕಾರಿಡಾರಿನಲ್ಲಿ ಹೂಂ ಅಂದಾಗಲೂ ಚೆನ್ನಾಗಿ ಗೊತ್ತಿತ್ತು. ಸೌಮ್ಯ ತಿರುಗಿ ಅತ್ತೆಯನ್ನು ನೋಡಿದಳು.

ಚೆಲುವಮ್ಮ ಹೆಣದ ಕಾಲ ಬಳಿ ಕುಸಿದಿದ್ದಳು. “ನನ್ನ ಬಾಯಿ ಮುಚ್ಸೋಕೆ ಅಂಗಂದವ್ರೆ ಕಣವ್ವ. ನೀನು ತವರು ಸೇರ್ಬಾರ್ದು ಅಂತ ತಮ್ಮ ಮೇಲೆ ಆಕ್ಕೊಂಡವ್ರೆ. ನಾನು ಪಾಪಿ, ಅದನ್ನೂ ನಂಬ್ಬುಟ್ಟೆ.”

“ಮಾವಾ!” ಸೌಮ್ಯ ಕಿರುಚಿದ ಸದ್ದಿಗೆ ಬೀದಿ ನಿಂತಿತು. “ಒಂದ್ ದಿನ ಹೇಳ್ಬಾರ್ದಿತ್ತಾ? ನಾಯಿಗೆ ಇಟ್ಟಂಗೆ ತಟ್ಟೆ ಇಟ್ಟೆನಲ್ಲ ಮಾವ, ನಾಲ್ಕು ವರ್ಷ! ನನ್ನ ಕೈ ಸೇದೋಗ!”

“ಹೊತ್ತಾಯ್ತು, ಎತ್ರಪ್ಪ,” ಅಂದ ಸಣ್ಣಮಾದಯ್ಯ. ಸಿದ್ದೇಶನೂ ಇನ್ನು ಮೂವರೂ ಚಟ್ಟಕ್ಕೆ ಕೈ ಹಾಕಿದರು. ಸೌಮ್ಯ ಅಡ್ಡ ಬಿದ್ದಳು.

“ಎತ್ಬೇಡಿ! ನನ್ನ ಮಗಳು ಇನ್ನೂ ಮುಟ್ಟಿಲ್ಲ.”

ಗಗನಳನ್ನು ದರದರ ಎಳೆತಂದು ಚಟ್ಟದ ಪಕ್ಕ ನಿಲ್ಲಿಸಿದಳು. “ಮುಟ್ಟು ಮಗ. ಏನೂ ಆಗಲ್ಲ. ತಾತನ್ನ ಮುಟ್ಟು.”

ಹುಡುಗಿ ತಾತನ ಮುಖ ನೋಡಿದಳು. ಎದೆಯ ಮೇಲೆ ಜೋಡಿಸಿದ್ದ ಕೈ ನೋಡಿದಳು.

“ಎಲ್ಲಿ ಮುಟ್ಲಮ್ಮ?”

ಗಗನ ತಾನೇ ಬಗ್ಗಿ, ಕಾವಲಿ ಕಾದಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ, ಒಂದೇ ಬೆರಳನ್ನು ತಾತನ ಕೈಗೆ ತಾಗಿಸಿ ಸಟ್ಟನೆ ಹಿಂದಕ್ಕೆ ಎಳೆದುಕೊಂಡಳು.